ರಾತ್ರಿ ಒಂಬತ್ತೂವರೆ

ಕಾಡ್ ಮೀನಿನ ಹೊಟ್ಟೆ ಸೀಳುವಾಗ ನಡುಗದ ಕೈ,
ವಿಂಚಿನ ಬಾಯಿಗೆ ಎರಡು ಬೆರಳ ತುದಿ ಕೊಟ್ಟು
ಚಿಂದಿ ಸುತ್ತಿಕೊಂಡು ಮಿಕ್ಕ ಬಲೆಯೆಳೆದ ಕೈ,
ಕೂದಲೆಳೆಯಂಥ ಸೂಜಿ ಕಂಡರೆ ಮಾತ್ರ
ಹಿಂದಕ್ಕೆ ಸರಿಯುತ್ತಿತ್ತು.
ನೀನೇ ಹಾಕು ವರ್ನಾ, ಅನ್ನುತ್ತಿದ್ದ ಲಿಯಾಂಡರ್,
ಗೋಡೆಯ ಕ್ಯಾಲೆಂಡರಿನ ಹಡಗು ನೋಡುತ್ತ.

ಹಾಕಿದೆ. ಹನ್ನೊಂದು ವರ್ಷ.
ಮೊದಲು ರಾತ್ರಿಗೊಂದು, ಆಮೇಲೆ ಊಟಕ್ಕೊಂದೊಂದು.
ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ಇನ್ಸುಲಿನ್ ಪೆನ್ನು,
ಬಳಸಿದ ಸೂಜಿಗೆ ಖಾಲಿ ಸೋಪಿನ ಡಬ್ಬ.
ಹೊಕ್ಕಳಿಂದ ಎರಡು ಬೆರಳು ದೂರ,
ಇಂದು ಎಡಕ್ಕೆ, ನಾಳೆ ಬಲಕ್ಕೆ,
ಗಂಟುಗಟ್ಟಿದ ಕಡೆ ಬೇಡ.
ಕೊಲ್ಲಿಯಲ್ಲಿ ಎಲ್ಲೆಲ್ಲಿ ಮುಳುಗುಬಂಡೆಯೋ ಅವನಿಗೆ ಬಾಯಿಪಾಠ,
ಅವನ ಹೊಟ್ಟೆಯಲ್ಲಿ ಎಲ್ಲೆಲ್ಲಿಯೋ ನನಗೆ.

ದೋಣಿಯ ಮೇಲಿದ್ದಾಗ ತಾನೇ ಚುಚ್ಚಿಕೊಳ್ಳುತ್ತಿದ್ದನಂತೆ.
ಅವನು ಹೇಳಿದ್ದು ಅದು.
ರಕ್ತ ಬೇರೆಯೇ ಹೇಳಿತು. ರಕ್ತಕ್ಕೆ ದಾಕ್ಷಿಣ್ಯವಿಲ್ಲ.

ಹಾಗಾಗಿ ಪಂಪು.
ಮಂಜಿನಲ್ಲಿ ಮೂರು ತಾಸು ಲಾರಿಯೋಡಿಸಿ,
ರಸ್ತೆ ಮಧ್ಯೆ ನಿಂತ ಮೂಸ್ ಒಂದರ ಮರ್ಜಿ ಕಾದು,
ಆಸ್ಪತ್ರೆ ಸೇರುವಾಗ ಹನ್ನೊಂದು.
ನರ್ಸ್ ರೊಕ್ಸಾನ್ ಅವನ ಅಂಗೈಗಿಟ್ಟಳು:
ಇಸ್ಪೀಟು ಕಟ್ಟಿನಷ್ಟು ದಪ್ಪ, ಶೂ ದಾರದಂಥ ನಳಿಗೆ.
ತಿರುಗಿಸಿ ನೋಡಿದ, ಕಿವಿಗಿಟ್ಟುಕೊಂಡ,
ನಲವತ್ತು ವರ್ಷ ದೋಣಿಯಿಂದ ನೀರು ಹೊರಹಾಕಿದವನು
ಮೊದಲು ಕೇಳಿದ್ದು: ಇದು ಕೆಟ್ಟರೆ ಬಿಚ್ಚಬಹುದಾ?

ಆಮೇಲೆ ಅವಳು ಹೇಳಿಕೊಟ್ಟಂತೆ
ಕಣ್ಣುಮುಚ್ಚಿ, ಹಲ್ಲು ಕಚ್ಚಿ,
ಆ ಮೊಂಡು ಬೆರಳುಗಳಿಂದಲೇ
ಟಕ್.
ತಾನೇ ಹಾಕಿಕೊಂಡ.
ಚಪ್ಪಾಳೆ ತಟ್ಟಿದಳು ರೊಕ್ಸಾನ್. ನಾನೂ ತಟ್ಟಿದೆ.
ತಟ್ಟಿದ ಮೇಲೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ,
ಕೋಟಿನ ಜೇಬಿಗಿಟ್ಟೆ.

ಮೊದಲ ರಾತ್ರಿ ಅಡುಗೆಮನೆ ಬಾಗಿಲ ಹಿಡಿಗೆ ನಳಿಗೆ ಸಿಕ್ಕಿ
ಗಾಳ ಕಚ್ಚಿದ ಮೀನಿನಂತೆ ನಿಂತುಬಿಟ್ಟ.
ನಕ್ಕೆ. ಅವನು ನಗಲಿಲ್ಲ.
ಮೂರು ಗಂಟೆಗೆ ಅದು ಕೂಗಿತು.
ಎದ್ದವನೇ ಕತ್ತಲಲ್ಲಿ ಬೂಟು ತಡಕುತ್ತ
ನೀರು ನುಗ್ಗಿದೆ, ನೀರು! ಎಂದ.
ನೀರೂ ಇಲ್ಲ ಗೀರೂ ಇಲ್ಲ, ಮಲಗಿದಲ್ಲೇ ನಳಿಗೆ ಮಡಚಿಕೊಂಡಿದೆ,
ಮಗ್ಗುಲು ಬದಲಿಸು ಮಾರಾಯಾ.

ಮೂರು ದಿನಕ್ಕೊಮ್ಮೆ ಒಂದೇ ಒಂದು ಚುಚ್ಚು.
ಹೊಟ್ಟೆಯ ಕಂದುನೀಲಿ ಕಲೆಗಳು ಮಾಸುತ್ತಿವೆ.
ಬೆಳಗಿನ ಅಂಕಿ ನೋಡಿ ಸಿಳ್ಳೆ ಹಾಕುತ್ತಾನೆ.
ಒಳ್ಳೆಯದೇ ಆಯಿತು, ಎಲ್ಲರೆದುರೂ ಹೇಳಿದ್ದೇನೆ,
ಮೀನಿನ ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಮೂನಾಗೂ.

ಹೇಳದೆ ಉಳಿದದ್ದು:
ರಾತ್ರಿ ಒಂಬತ್ತೂವರೆಗೆ ಕಾಲು ತಾನಾಗಿ ಏಳುತ್ತದೆ.
ಫ್ರಿಜ್ಜು ತೆರೆಯುತ್ತೇನೆ. ಬೆಳಕು ಬೀಳುತ್ತದೆ.
ಏನೂ ಬೇಕಿರುವುದಿಲ್ಲ.
ನಿನ್ನೆ ಸುಮ್ಮನೆ ಒಂದು ಮೊಟ್ಟೆ ತೆಗೆದು ಬೇಯಿಸಿದೆ,
ಯಾರೂ ತಿನ್ನಲಿಲ್ಲ.
ದಿನಕ್ಕೊಮ್ಮೆಯಾದರೂ ಅಂಗಿ ಎತ್ತಿ ನನ್ನೆದುರು ನಿಲ್ಲುತ್ತಿದ್ದ,
ಜಗಳವಾಡಿದ ದಿನವೂ.
ಜಗಳವಾಡಿದ ದಿನ ಸೂಜಿ ಇನ್ನಷ್ಟು ಮೆಲ್ಲಗೆ ಹಾಕುತ್ತಿದ್ದೆ.
ಅದವನಿಗೆ ಗೊತ್ತಿತ್ತೋ ಏನೋ.

ಪಂಪಿಗೊಂದು ಉಣ್ಣೆಯ ಚೀಲ ಹೆಣೆದಿದ್ದೇನೆ.
ಬಣ್ಣ ಚೆನ್ನಾಗಿಲ್ಲವಂತೆ. ಆದರೂ ಹಾಕಿಕೊಳ್ಳುತ್ತಾನೆ.

ಇವತ್ತು ಭಾನುವಾರ. ಹಂದಿಕೊಬ್ಬಿನಲ್ಲಿ ಹಿಟ್ಟು ಹುರಿದು ಟೌಟನ್ ಮಾಡಿದೆ,
ಮೇಲೆ ನಾನೇ ಕಾಸಿದ ಕೆಂಪುಹಣ್ಣಿನ ಜಾಮು.
ತಿನ್ನುವ ಮುಂಚೆ ಪಂಪು ಕೈಗೆತ್ತಿಕೊಂಡು, ಕನ್ನಡಕದ ಮೇಲಿಂದ:
ವರ್ನಾ, ಈ ಒಂದು ಚಮಚಕ್ಕೆ ಎಷ್ಟು ಸಕ್ಕರೆ?

ಮೂವತ್ತೆಂಟು ವರ್ಷ ಕಣ್ಣಳತೆಯಲ್ಲೇ ಕಾಸಿದ ಜಾಮು.
ಅಮ್ಮನೂ ಅಳೆದವಳಲ್ಲ.

ಗುಂಡಿಯ ಮೇಲೆ ಹೆಬ್ಬೆಟ್ಟಿಟ್ಟು ಕಾಯುತ್ತಿದ್ದಾನೆ,
ಟೌಟನ್ ಆರುತ್ತಿದೆ.

ತಡಿ, ಎಂದೆ. ತಕ್ಕಡಿ ಹುಡುಕುತ್ತೇನೆ.
ನಾನು ಹೇಳುವವರೆಗೆ ಒತ್ತಬೇಡ.